ಊಟ ಬಿಟ್ಟೆದ್ದ ರಾಜೀವ

ಊಟಕ್ಕೆ ಕೂತವರನ್ನು ಎಬ್ಬಿಸಬಾರದು ಎನ್ನುವುದು ಕನ್ನಡದ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಎಂಥ ಜಗಳವಿದ್ದರೂ ಕೈ ತೊಳೆದ ಮೇಲೆ ಆಗಲಿ ಎನ್ನುತ್ತಾರೆ. ಸಾಲ ಕೇಳಲು ಬಂದವನು ಕೂಡ ಒಳಗೆ ಊಟ ನಡೆಯುತ್ತಿದ್ದರೆ ಜಗಲಿಯ ಮೇಲೆ ಕಾಯುತ್ತಾನೆ. 'ಬಂಗಾರದ ಮನುಷ್ಯ' ಚಿತ್ರದ ಕೊನೆಯಲ್ಲಿ ಮುರಿದು ಬೀಳುವುದು ಈ ಮರ್ಯಾದೆಯೇ. ಬರಡು ನೆಲದಲ್ಲಿ ಅನ್ನ ಬೆಳೆದವನು ಅದೇ ಅನ್ನದ ಮುಂದೆ ಕೂತಿದ್ದಾಗ, ಅವನೇ ಓದಿಸಿ ಬೆಳೆಸಿದ ಅಕ್ಕನ ಮಗ ಆಡಬಾರದ ಮಾತಾಡುತ್ತಾನೆ. ಅವನು ಎದ್ದು ಹೊರಟುಹೋಗುತ್ತಾನೆ, ಮತ್ತೆ ಬರುವುದಿಲ್ಲ.

ಆ ರಾಜೀವ ಹೋಗಿದ್ದು ಸರಿಯೇ? ಈ ಪ್ರಶ್ನೆಗೆ ಐವತ್ತು ವರ್ಷ ದಾಟಿದೆ. ಮದುವೆ ಮನೆಯ ಹರಟೆಯಲ್ಲಿ, ಬಸ್ಸಿನ ಪಕ್ಕದ ಸೀಟಿನಲ್ಲಿ, ಟಿ.ವಿ. ಮುಂದೆ ಕೂತ ಮೂರು ತಲೆಮಾರಿನ ನಡುವೆ ಇವತ್ತಿಗೂ ಅದು ಏಳುತ್ತದೆ. ಚಿತ್ರವನ್ನು ಮೆಚ್ಚದವರು ಕಡಿಮೆ. ಮೆಚ್ಚಿದವರೇ ಎರಡು ಪಕ್ಷವಾಗಿ ವಾದಕ್ಕಿಳಿಯುತ್ತಾರೆ ಎನ್ನುವುದು ಇಲ್ಲಿನ ವಿಶೇಷ.

ಚಿತ್ರ ತೆರೆಗೆ ಬಂದದ್ದು 1972ರ ಮಾರ್ಚ್ ಕೊನೆಯಲ್ಲಿ. ರಾಜ್ಯಕ್ಕೆ ಆಗ ಕರ್ನಾಟಕ ಎಂಬ ಹೆಸರು ಇನ್ನೂ ಬಂದಿರಲಿಲ್ಲ, ಮೈಸೂರು ರಾಜ್ಯವೆಂದೇ ಕರೆಯುತ್ತಿದ್ದರು. ಟಿ.ಕೆ. ರಾಮರಾವ್ ಅವರ ಅದೇ ಹೆಸರಿನ ಕಾದಂಬರಿಯನ್ನು ನಿರ್ದೇಶಕ ಸಿದ್ದಲಿಂಗಯ್ಯ ತೆರೆಗೆ ತಂದರು. ರಾಮರಾವ್ ಪತ್ತೇದಾರಿ ಕಥೆಗಳಿಗೆ ಹೆಸರಾದವರು. ಕೊಲೆಗಾರನನ್ನು ಕೊನೆಯ ಪುಟದವರೆಗೆ ಬಚ್ಚಿಡುವ ಕೈ ಇಂಥ ಮಣ್ಣಿನ ಕಥೆಯನ್ನೂ ಬರೆಯಿತು ಎನ್ನುವುದು ಈಗಲೂ ಹಲವರಿಗೆ ಹೊಸ ವಿಷಯ. ರಾಜ್‌ಕುಮಾರ್ ರಾಜೀವನಾದರು, ಭಾರತಿ ಲಕ್ಷ್ಮಿಯಾದರು. ಖಳನ ಪಾತ್ರಗಳಲ್ಲಿ ಜನರಿಂದ ಬೈಗುಳ ತಿಂದಿದ್ದ ಬಾಲಕೃಷ್ಣ, ರಾಚೂಟಪ್ಪನೆಂಬ ಹಿರಿಯ ಜೀವವಾಗಿ ಎಲ್ಲರ ಮನೆಯ ತಾತನಾದರು. ಜಿ.ಕೆ. ವೆಂಕಟೇಶ್ ಅವರ ಸಂಗೀತ, ಪಿ.ಬಿ. ಶ್ರೀನಿವಾಸ್ ಅವರ ದನಿ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಚಿತ್ರ ಎರಡು ವರ್ಷ ಓಡಿತು. ಆ ಕಟ್ಟಡ ಮುಂದೆ ಭೂಮಿಕಾ ಎಂದು ಹೆಸರು ಬದಲಿಸಿಕೊಂಡರೂ ಹಳಬರ ಬಾಯಲ್ಲಿ ಅದು ರಾಜೀವನ ಟಾಕೀಸಾಗಿಯೇ ಉಳಿಯಿತು.

ಕಥೆ ಸರಳ. ಓದಿದ ಯುವಕ ರಾಜೀವ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಬರುತ್ತಾನೆ. ಭಾವ ತೀರಿಕೊಂಡು ಮನೆ ನಡುನೀರಿನಲ್ಲಿ ನಿಲ್ಲುತ್ತದೆ. ತಲೆಯ ಮೇಲೆ ಸಾಲ, ಮುಂದೆ ಓದುವ ಮಕ್ಕಳು. ರಾಜೀವ ಅಲ್ಲೇ ಉಳಿಯುತ್ತಾನೆ, ಸಾಲ ತೀರಿಸುತ್ತಾನೆ, ಕಲ್ಲು ತುಂಬಿದ ಬರಡು ಜಮೀನನ್ನು ಹಸನು ಮಾಡುತ್ತಾನೆ, ಅಕ್ಕನ ಮಕ್ಕಳನ್ನು ಓದಿಸುತ್ತಾನೆ. ತನ್ನ ಮದುವೆಯನ್ನು ಹಿಂದಕ್ಕೆ ಹಾಕುತ್ತಾನೆ. ಕಡೆಗೂ ಲಕ್ಷ್ಮಿ ಮನೆ ತುಂಬಿದರೆ, ಆ ಸುಖ ಬಹುಕಾಲ ನಿಲ್ಲದೆ ಅವಳು ದುರಂತಕ್ಕೆ ಸಿಕ್ಕಿ ಹೋಗುತ್ತಾಳೆ. ಇದರ ನಡುವೆ ಒಂದು ಗುಟ್ಟಿದೆ. ತೀರಿಹೋದ ಭಾವನಿಗೆ ಶರಾವತಿ ಎಂಬ ಇನ್ನೊಬ್ಬ ಹೆಂಡತಿ ಇದ್ದಳು. ಆರತಿ ನಟಿಸಿದ ಪಾತ್ರ ಅದು. ಅಕ್ಕನಿಗೆ ನೋವಾಗಬಾರದೆಂದು ರಾಜೀವ ಯಾರಿಗೂ ಹೇಳದೆ ಆಕೆಗೆ ನೆರವಾಗುತ್ತಾನೆ. ವಜ್ರಮುನಿ ಅಭಿನಯಿಸಿದ ಅಕ್ಕನ ಮಗ ಕೇಶವ ದೊಡ್ಡವನಾದ ಮೇಲೆ ಆ ನೆರವನ್ನೇ ಕಳಂಕವಾಗಿ ಕಾಣುತ್ತಾನೆ, ಆಸ್ತಿಯ ಮಾತು ಎತ್ತುತ್ತಾನೆ. ನಿಜ ಬಯಲಾಗುವ ಹೊತ್ತಿಗೆ ರಾಜೀವ ಆ ಮನೆಯಲ್ಲಿಲ್ಲ.

ಹೋಗಿದ್ದೇ ಸರಿ ಎನ್ನುವವರ ವಾದಕ್ಕೆ ಆಳವಾದ ಬೇರಿದೆ. ಗೆದ್ದು ಬಿಟ್ಟುಕೊಡುವವನನ್ನು ಕನ್ನಡ ನಾಡು ಬಹಳ ಹಿಂದಿನಿಂದ ಎದೆಗಪ್ಪಿಕೊಂಡಿದೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷಕ್ಕೂ ಮಿಕ್ಕಿ ನಿಂತಿರುವ ಬಾಹುಬಲಿ ಸೋತು ಕಾಡಿಗೆ ಹೋದವನಲ್ಲ. ಅಣ್ಣ ಭರತನನ್ನು ಗೆದ್ದು, ಗೆದ್ದ ರಾಜ್ಯವನ್ನು ಅವನಿಗೇ ಬಿಟ್ಟು ಹೋದವನು. ಹತ್ತನೆಯ ಶತಮಾನದಲ್ಲಿ ಪಂಪ ತನ್ನ 'ಆದಿಪುರಾಣ'ದಲ್ಲಿ ಹೇಳಿದ್ದು ಆ ಕಥೆಯನ್ನು. ರಾಜೀವ ಪಂಚೆ ಉಟ್ಟ ಬಾಹುಬಲಿ. ಈ ಹೋಲಿಕೆಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ಥಿಯೇಟರಿನ ಕತ್ತಲಲ್ಲಿ ಕೂತವನ ರಕ್ತದಲ್ಲೇ ಅದು ಇತ್ತು. ಅವನು ಲೆಕ್ಕದ ಪುಸ್ತಕ ತೆರೆದು ಇದಿಷ್ಟು ನಿಮ್ಮದು, ಇದಿಷ್ಟು ನನ್ನದು ಎಂದು ವಾದಕ್ಕೆ ನಿಂತಿದ್ದರೆ ಅಲ್ಲಿಯವರೆಗಿನ ದುಡಿಮೆಯೆಲ್ಲ ಕೂಲಿಯ ಲೆಕ್ಕಕ್ಕೆ ಇಳಿಯುತ್ತಿತ್ತು ಎಂದು ಈ ಪಕ್ಷದವರು ಹೇಳುತ್ತಾರೆ. ಅನ್ನ ಇಕ್ಕಿದ ಕೈ ಅನ್ನಕ್ಕಾಗಿ ಜಗಳವಾಡಬಾರದು, ಅದಕ್ಕೇ ಎದ್ದ.

ಹೋಗಬಾರದಿತ್ತು ಎನ್ನುವವರ ಮಾತೂ ತೂಕದ್ದೇ. ಚಿತ್ರದಲ್ಲಿ ಬಂಡೆ ಒಡೆಯುವ ಆ ಪ್ರಸಿದ್ಧ ಹಾಡು ಇದೆಯಲ್ಲ, ಆರ್.ಎನ್. ಜಯಗೋಪಾಲ್ ಬರೆದದ್ದು, ಅದರಲ್ಲಿ ವಿಶ್ವೇಶ್ವರಯ್ಯನವರ ನೆನಪೂ ಕನ್ನಂಬಾಡಿ ಕಟ್ಟೆಯ ನೆನಪೂ ಬರುತ್ತದೆ. ಕೈಯಲ್ಲಿ ಆಗುವುದಿಲ್ಲ ಎಂದು ಕೂರಬಾರದು ಎನ್ನುವುದು ಅದರ ತಿರುಳು. ಹಾಗೆ ಹಾಡಿದವನು, ಊರಿಗೆಲ್ಲ ಧೈರ್ಯ ತುಂಬಿದವನು, ಮನೆಯೊಳಗಿನ ಒಂದು ಸುಳ್ಳನ್ನು ಎದುರಿಸಲಾರದೆ ಹೋದನೇ? ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು ಎಂದು ಇವರು ಕೈ ಹಿಸುಕಿಕೊಳ್ಳುತ್ತಾರೆ. ಕೇಶವ ತಪ್ಪು ತಿಳಿದವನು, ತಿದ್ದುವುದು ಹಿರಿಯನ ಕೆಲಸ, ಮೌನವಾಗಿ ಎದ್ದು ಹೋಗುವುದು ಮಕ್ಕಳಿಗೆ ಕೊಡುವ ಶಿಕ್ಷೆಗಳಲ್ಲೆಲ್ಲ ದೊಡ್ಡದು ಎನ್ನುವುದು ಅವರ ವಾದ. ಅಪ್ಪಂದಿರೋ ದೊಡ್ಡಪ್ಪಂದಿರೋ ಹೀಗೆ ಮಾತು ಬಿಟ್ಟು ಕೂತ ಮನೆಗಳಲ್ಲಿ ಬೆಳೆದವರಿಗೆ ಈ ವಾದದ ಬಿಸಿ ಚೆನ್ನಾಗಿ ಗೊತ್ತು.

ಇಬ್ಬರ ನಡುವೆ ಯಾರೂ ಅಷ್ಟಾಗಿ ಗಮನಿಸದ ಸಂಗತಿಯೊಂದು ಬಿದ್ದಿದೆ. ರಾಜೀವ ಆ ಮನೆಗೆ ಏನಾಗಬೇಕು? ಸೋದರಮಾವ. ನಮ್ಮ ಸಂಬಂಧಗಳಲ್ಲಿ ಸೋದರಮಾವನಷ್ಟು ಗೌರವದ ಸ್ಥಾನ ಕಡಿಮೆ. ಮದುವೆ ಮಂಟಪಕ್ಕೆ ಹುಡುಗಿಯನ್ನು ಕರೆತರಲು ಅವನು ಬೇಕು, ಶುಭಕಾರ್ಯಗಳಲ್ಲಿ ಅವನ ಉಡುಗೊರೆ ಬೇಕು. ಗೌರವ ಇಷ್ಟಿದ್ದರೂ ಹಳೆ ಮೈಸೂರು ಕಡೆಯ ಕುಟುಂಬ ಪದ್ಧತಿಯಲ್ಲಿ ಅಕ್ಕನ ಗಂಡನ ಮನೆಯ ಆಸ್ತಿಯಲ್ಲಿ ಅವನಿಗೆ ಕಾಸಿನ ಪಾಲಿಲ್ಲ. ಗಂಡ ಸತ್ತರೆ ಆಸ್ತಿ ಹೋಗುವುದು ಹೆಂಡತಿಗೆ, ಮಕ್ಕಳಿಗೆ. ವರ್ಷಗಟ್ಟಲೆ ಗೇಯ್ದ ಮಾವ ಕಾಗದದ ಮೇಲೆ ನೆಂಟ ಮಾತ್ರ. ಕೇಶವನ ಮಾತು ಎದೆಗೆ ಚುಚ್ಚುವುದು ಅದು ಸುಳ್ಳೆಂಬ ಕಾರಣಕ್ಕೆ ಮಾತ್ರವಲ್ಲ. ಶೀಲದ ಆರೋಪ ಸುಳ್ಳು, ನಿಜ. ಈ ಮನೆಯಲ್ಲಿ ನಿನ್ನ ಹಕ್ಕೇನು ಎಂಬ ಪ್ರಶ್ನೆಗೆ ಮಾತ್ರ ಕಾಗದದಲ್ಲಿ ಉತ್ತರವಿಲ್ಲ. ಪ್ರೀತಿಯ ಮೇಲೆ ಕಟ್ಟಿದ ಮನೆಗೆ ಬೇರೆ ಅಡಿಪಾಯವೇ ಇರಲಿಲ್ಲ.

ಅದೇ ನಾಡಿನ ಕರಾವಳಿಯಲ್ಲಿ ಲೆಕ್ಕ ಬೇರೆ ಇತ್ತು. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಮನೆತನ ಸಾಗುವುದು ಹೆಣ್ಣಿನ ಬಳಿಯಿಂದ. ತಾಯಿಯ ಅಣ್ಣನೋ ತಮ್ಮನೋ ಮನೆಯ ಯಜಮಾನನಾಗಿ ಅಕ್ಕತಂಗಿಯರ ಮಕ್ಕಳನ್ನು ಸಾಕುವುದು ಅಲ್ಲಿ ತ್ಯಾಗವಲ್ಲ, ಕಟ್ಟುಕಟ್ಟಳೆ. ಅಂಥ ಮನೆಯಲ್ಲಿ ರಾಜೀವನಿಗೆ ಜಮೀನಿನ ಮೇಲೆ ಮಾತಿರುತ್ತಿತ್ತು, ಊಟದ ಮುಂದಿನಿಂದ ಅವನನ್ನು ಏಳಿಸುವ ಧೈರ್ಯ ಅಳಿಯನಿಗೆ ಬರುತ್ತಿರಲಿಲ್ಲ. ಒಂದು ಮನೆಯಲ್ಲಿ ಪುಣ್ಯವಾದದ್ದು ಇನ್ನೊಂದು ಮನೆಯಲ್ಲಿ ನಿತ್ಯದ ಕರ್ತವ್ಯ. ಬಂಗಾರದ ಮನುಷ್ಯನನ್ನು ಹುಟ್ಟಿಸಿದ್ದು ಅವನ ಗುಣ ಒಂದೇ ಅಲ್ಲ, ಅವನಿಗೆ ಏನನ್ನೂ ಕೊಡದ ಪದ್ಧತಿಯೂ ಹೌದು.

ಹೆಂಗಸರು ಈ ಚಿತ್ರದ ಬಗ್ಗೆ ಮಾತಾಡುವಾಗ ಮಾತು ಬೇರೆ ಕಡೆಯಿಂದ ಶುರುವಾಗುತ್ತದೆ. ಅವರು ಮೊದಲು ಕೇಳುವುದು ಲಕ್ಷ್ಮಿಯನ್ನು. ಅಷ್ಟು ಕಾದು ಮದುವೆಯಾದವಳು, ತುಂಟಾಟ, ಧೈರ್ಯ, ಹಸಿರಿನ ನಡುವೆ ಓಡಾಡುವ ಜೀವಕಳೆ ಎಲ್ಲವೂ ಇದ್ದವಳು, ಅವಳೇಕೆ ಸಾಯಬೇಕು? ಕಥೆಗೆ ಅವಳ ಸಾವು ಬೇಕಿತ್ತು ಎನ್ನುವುದೇ ನಿಜವಾದ ಉತ್ತರ. ಅವಳು ಬದುಕಿದ್ದರೆ ರಾಜೀವನಿಗೆ ಹಾಗೆ ಎದ್ದು ಹೊರಡಲು ಆಗುತ್ತಿರಲಿಲ್ಲ. ಹೆಂಡತಿ ಇದ್ದವನು ಬಾಗಿಲಲ್ಲಿ ಒಮ್ಮೆ ಹಿಂತಿರುಗಿ ನೋಡಬೇಕಾಗುತ್ತದೆ. ಲಕ್ಷ್ಮಿ ಇದ್ದಿದ್ದರೆ ಕೇಶವನಿಗೆ ಸರಿಯಾದ ಉತ್ತರವನ್ನೂ ಅವಳೇ ಕೊಡುತ್ತಿದ್ದಳು ಎಂದು ನಂಬುವ ಹೆಣ್ಣುಮಕ್ಕಳು ಬಹಳ ಜನ. ಭಾರತಿ ಆ ಪಾತ್ರಕ್ಕೆ ತುಂಬಿದ ಚೈತನ್ಯ ನೋಡಿದರೆ ಅವರ ನಂಬಿಕೆಯನ್ನು ಅಲ್ಲಗಳೆಯುವುದು ಕಷ್ಟ.

ಶರಾವತಿಯ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ರಾಜೀವ ಬಾಯಿ ಬಿಡದೆ ಹೋದಾಗ ಅವನ ಹೆಸರಿನ ಜೊತೆಗೆ ಅವಳ ಹೆಸರೂ ಮಸಿಯಲ್ಲೇ ಉಳಿಯಿತು. ಅವನಿಗೆ ಹೋಗಲು ದಾರಿ ಇತ್ತು, ಮುಂದೆ ಊರುಗಳಿದ್ದವು. ಅವಳಿಗೆ ಏನಿತ್ತು? ಸತ್ತ ಗಂಡನ ಗುಟ್ಟು ಹೊತ್ತವಳು, ತಾನು ಮಾಡದ ತಪ್ಪಿನ ಸುದ್ದಿಯನ್ನೂ ಹೊರಬೇಕಾಯಿತು. ರಾಜೀವನ ಮೌನವನ್ನು ಹೊಗಳುವವರು ಈ ಪ್ರಶ್ನೆಯ ಮುಂದೆ ತಡವರಿಸುತ್ತಾರೆ. ಚಿತ್ರದ ನಿಜವಾದ ದುರ್ಬಲ ಜಾಗ ಇದೇ. ಅಕ್ಕನನ್ನು ನೋವಿನಿಂದ ಕಾಪಾಡಲು ಇಟ್ಟುಕೊಂಡ ಗುಟ್ಟು ಕೊನೆಗೆ ಅಕ್ಕನಿಗೂ ಶರಾವತಿಗೂ ಹೆಚ್ಚು ನೋವು ತಂದಿತು. ಆ ಇಬ್ಬರನ್ನೂ ಮೊದಲೇ ಎದುರುಬದುರು ಕೂರಿಸಿ ಮಾತಾಡಿಸಬಹುದಿತ್ತು ಎಂಬ ಯೋಚನೆ ಆ ಕಾಲದ ಕಥೆಗೆ ಹೊಳೆಯಲಿಲ್ಲ.

ರೈತರ ಮನೆಗಳಲ್ಲಿ ವಾದ ಊಟದ ದೃಶ್ಯದಲ್ಲಿ ನಿಲ್ಲುವುದಿಲ್ಲ, ಹೊಲಕ್ಕೆ ಹೋಗುತ್ತದೆ. ಚಿತ್ರ ಬಂದ ಕಾಲವೇ ಹಾಗಿತ್ತು. ಹಸಿರು ಕ್ರಾಂತಿಯ ಮಾತು ಊರೂರಿಗೆ ಮುಟ್ಟಿತ್ತು. ಐಆರ್-8ರಂಥ ಹೊಸ ಭತ್ತದ ತಳಿ, ರಸಗೊಬ್ಬರ, ಪಂಪ್‌ಸೆಟ್ಟು ಎಲ್ಲವೂ ಹೊಸದು. 1964ರಲ್ಲಿ ಶುರುವಾಗಿದ್ದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಓದಿದ ಹುಡುಗರು ಹೊರಬರುತ್ತಿದ್ದರು. ಇನ್ನೊಂದು ಕಡೆ ಉತ್ತರದ ಜಿಲ್ಲೆಗಳು ಆ ವರ್ಷಗಳ ಭೀಕರ ಬರದಲ್ಲಿ ಬೆಂದವು. ಇಂಥ ಹೊತ್ತಿನಲ್ಲಿ ಓದಿದವನೊಬ್ಬ ಪಟ್ಟಣದ ಕೆಲಸ ಹುಡುಕದೆ ಪಿಕಾಸಿ ಹಿಡಿದದ್ದನ್ನು ತೆರೆಯ ಮೇಲೆ, ಅದೂ ಬಣ್ಣದಲ್ಲಿ ಕಂಡಾಗ ಜನರ ಎದೆ ಉಬ್ಬಿತು. ಕನ್ನಡದಲ್ಲಿ ಬಣ್ಣದ ಚಿತ್ರಗಳು ಅಪರೂಪವಾಗಿದ್ದ ಕಾಲ ಅದು. ಗದ್ದೆಯ ಹಸಿರು ಹಸಿರಾಗಿಯೇ ಕಂಡದ್ದು ಸಣ್ಣ ಸಂಗತಿಯಲ್ಲ. ಈ ಚಿತ್ರ ನೋಡಿ ಊರಿಗೆ ವಾಪಸಾಗಿ ಬೇಸಾಯಕ್ಕೆ ಇಳಿದೆವು ಎನ್ನುವವರ ಮಾತು ಇಂದಿಗೂ ಕೇಳಿಬರುತ್ತದೆ.

ಅದೇ ರೈತರ ಮಕ್ಕಳು ಇವತ್ತು ಬೇರೆ ಪ್ರಶ್ನೆ ಕೇಳುತ್ತಾರೆ. ಬಂಡೆ ಒಡೆಯಲು ಒಂದು ಹಾಡು ಸಾಕಾಯಿತು, ಬೋರ್‌ವೆಲ್ ಬತ್ತಿದರೆ ಯಾವ ಹಾಡು ಹಾಡಬೇಕು? ಬೆಳೆದದ್ದಕ್ಕೆ ಬೆಲೆ ಸಿಗದಿದ್ದರೆ ಏನು ಮಾಡಬೇಕು? ರಾಜೀವನ ಹೊಲದಲ್ಲಿ ದುಡಿದವನಿಗೆಲ್ಲ ಫಲ ಬಂತು, ನಮ್ಮ ಅಪ್ಪನೂ ಅಷ್ಟೇ ದುಡಿದ ಎನ್ನುವಾಗ ಅವರ ದನಿಯಲ್ಲಿ ಚಿತ್ರದ ಮೇಲಿನ ಸಿಟ್ಟಿಗಿಂತ ಅಪ್ಪನ ಮೇಲಿನ ಮರುಕವೇ ಹೆಚ್ಚು. ಈ ಮಾತನ್ನು ಪಕ್ಕಕ್ಕೆ ಸರಿಸುವಂತಿಲ್ಲ. ಕಷ್ಟಪಟ್ಟರೆ ಮಣ್ಣು ಬಂಗಾರವಾಗುತ್ತದೆ ಎಂಬ ಭರವಸೆ ಸುಂದರವಾದದ್ದು, ಬಂಗಾರವಾಗದಿದ್ದಾಗ ಕಷ್ಟ ಸಾಲದಾಯಿತೇನೋ ಎಂಬ ಅಪರಾಧವನ್ನು ರೈತನ ತಲೆಗೇ ಕಟ್ಟುವ ಅಪಾಯವೂ ಅದರಲ್ಲಿದೆ.

ಭೂಮಿ ಯಾರದು ಎಂಬ ಪ್ರಶ್ನೆಯೂ ಆಗಲೇ ಬಾಗಿಲಲ್ಲಿತ್ತು. ಚಿತ್ರ ಬಿಡುಗಡೆಯಾದ ತಿಂಗಳಲ್ಲೇ ದೇವರಾಜ ಅರಸು ಮುಖ್ಯಮಂತ್ರಿಯಾದರು. ಎರಡು ವರ್ಷದಲ್ಲಿ, 1974ರ ಮಾರ್ಚ್ 1ರಿಂದ, ಉಳುವವನಿಗೇ ಭೂಮಿ ಕೊಡುವ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಗೇಣಿದಾರರು ಡಿಕ್ಲರೇಷನ್ ಫಾರಂ ಹಿಡಿದು ತಾಲ್ಲೂಕು ಕಚೇರಿಗಳ ಮುಂದೆ ಸಾಲುಗಟ್ಟಿದರು. ಒಬ್ಬ ಒಳ್ಳೆಯ ಮನುಷ್ಯ ಬಂದು ಊರನ್ನು ಉದ್ಧರಿಸುತ್ತಾನೆ ಎಂದು ಚಿತ್ರ ಹೇಳಿದರೆ, ಒಳ್ಳೆಯ ಮನುಷ್ಯನಿಗೆ ಕಾಯದೆ ಭೂಮಿಯ ಹಕ್ಕು ಕೇಳಿ ಎಂದು ಕಾಯ್ದೆ ಹೇಳಿತು. ಎರಡನ್ನೂ ಒಂದೇ ಜನ ಸ್ವಾಗತಿಸಿದರು. ರಾಜೀವನಿಗಾಗಿ ಅತ್ತವರೇ ಮರುದಿನ ಅರ್ಜಿ ಬರೆಸಲು ಹೋಗಿರಬಹುದು. ಸಿನಿಮಾದ ಕಣ್ಣೀರು ಜನರನ್ನು ಮೆತ್ತಗೆ ಮಾಡಿ ಮಲಗಿಸುತ್ತದೆ ಎನ್ನುವ ಪಂಡಿತರು ಈ ಸಂಗತಿಯನ್ನು ಒಮ್ಮೆ ನೆನೆಯಬೇಕು.

ಕಣ್ಣೀರಿನ ಮೇಲೆಯೇ ಆಕ್ಷೇಪ ಎತ್ತುವವರು ಎಲ್ಲ ಕಾಲದಲ್ಲೂ ಇದ್ದರು. ಅಳಿಸೋ ಪಿಚ್ಚರ್ ಎನ್ನುವುದು ಕೆಲವರಿಗೆ ಹೊಗಳಿಕೆ, ಕೆಲವರಿಗೆ ದೂರು. ರಾಜೀವನಲ್ಲಿ ಒಂದೂ ಕೊರತೆಯಿಲ್ಲ, ಅಂಥವನು ಇರಲು ಸಾಧ್ಯವೇ ಎನ್ನುವ ಮಾತು ಇಪ್ಪತ್ತರ ಹರೆಯದವರಿಂದ ಹೆಚ್ಚು ಬರುತ್ತದೆ. ಉತ್ತರ ರಾಜ್‌ಕುಮಾರ್ ಅವರ ನಟನೆಯಲ್ಲಿದೆ. ಗಾಜನೂರಿನ ಮಣ್ಣಿನಲ್ಲಿ ಬೆಳೆದು, ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದ ಅವರಿಗೆ ದನಿ ಏರಿಸಿ ಸಭೆಯನ್ನು ಅಳಿಸುವುದು ಎಡಗೈ ಕೆಲಸ. ಕೊನೆಯ ದೃಶ್ಯದಲ್ಲಿ ಅವರು ಅದನ್ನು ಮಾಡುವುದಿಲ್ಲ. ಎದೆ ಬಡಿದುಕೊಳ್ಳುವುದಿಲ್ಲ, ಶಾಪ ಹಾಕುವುದಿಲ್ಲ. ಅನ್ಯಾಯಕ್ಕೆ ಒಳಗಾದವನು ಅಳದೆ ಎದ್ದಾಗ ಆ ಅಳು ನೋಡುವವನ ಗಂಟಲಿಗೆ ಬರುತ್ತದೆ. ರಾಜೀವ ಅಸಾಧ್ಯದ ಮನುಷ್ಯ ಇರಬಹುದು, ಊಟದ ಮುಂದೆ ಅವಮಾನವಾದವನ ಮುಖ ಮಾತ್ರ ಪ್ರತಿ ಮನೆಯೂ ಕಂಡದ್ದು.

ಅದೇ 1972ರ ಡಿಸೆಂಬರ್‌ನಲ್ಲಿ ಪುಟ್ಟಣ್ಣ ಕಣಗಾಲ್ ಅವರ 'ನಾಗರಹಾವು' ಬಂದಾಗ ಜಗಳ ಬೇರೆ ರೂಪ ತಾಳಿತು. ಅಲ್ಲಿ ಸಿಟ್ಟಾದವರು ಕಾದಂಬರಿಕಾರ ತ.ರಾ. ಸುಬ್ಬರಾಯರೇ. ತಮ್ಮ ನಾಗರಹಾವನ್ನು ಚಿತ್ರ ಕೇರೆಹಾವು ಮಾಡಿತು ಎಂಬ ಅರ್ಥದ ಅವರ ಮಾತು ಸಾಹಿತ್ಯ ಬಲ್ಲವರ ನಡುವೆ ಇನ್ನೂ ಓಡಾಡುತ್ತಿದೆ. ಜನ ಮಾತ್ರ ಚಾಮಯ್ಯ ಮೇಷ್ಟರಿಗೂ ರಾಮಾಚಾರಿಗೂ ಮನಸೋತು ಮತ್ತೆ ಮತ್ತೆ ಟಿಕೆಟ್ ಕೊಂಡರು. ಒಂದೇ ವರ್ಷದಲ್ಲಿ ಕನ್ನಡದ ಪ್ರೇಕ್ಷಕ ಎದ್ದು ಹೋದ ರಾಜೀವನಿಗೂ ಯಾರ ಮಾತಿಗೂ ಬಗ್ಗದ ರಾಮಾಚಾರಿಗೂ ಒಂದೇ ಸಮ ಅತ್ತ.

ಮೂವತ್ತನಾಲ್ಕು ವರ್ಷದ ನಂತರ ಹೊಸ ತಲೆಮಾರಿಗೆ ತನ್ನದೇ ರಾಜೀವ ಸಿಕ್ಕಿದ. 2006ರ ಡಿಸೆಂಬರ್ ಕೊನೆಯಲ್ಲಿ ಬಂದ ಯೋಗರಾಜ್ ಭಟ್ಟರ 'ಮುಂಗಾರು ಮಳೆ'ಯ ಪ್ರೀತಮ್. ಗಣೇಶ್ ನಟಿಸಿದ ಈ ಹುಡುಗ ಮಾತಿನ ಮಲ್ಲ, ರಾಜೀವನಿಗೂ ಅವನಿಗೂ ಮೇಲ್ನೋಟಕ್ಕೆ ಸಂಬಂಧವೇ ಇಲ್ಲ. ಕೊನೆಯಲ್ಲಿ ಮಾಡುವುದು ಅದನ್ನೇ. ತನ್ನನ್ನು ಪ್ರೀತಿಸತೊಡಗಿದ ನಂದಿನಿಯನ್ನು ನಿಶ್ಚಯವಾದ ಮದುವೆಗೆ ಬಿಟ್ಟು ಮಳೆಯಲ್ಲಿ ಹೊರಟುಬಿಡುತ್ತಾನೆ. ಜೊತೆಗಿದ್ದ ಮೊಲ ದೇವದಾಸನೂ ಸಾಯುತ್ತದೆ. ಕಾಲೇಜು ಹುಡುಗರು ನಾಲ್ಕೈದು ಸಲ ನೋಡಿದರು. ಹುಡುಗಿಯರಲ್ಲಿ ಅನೇಕರು ಚಿತ್ರವನ್ನು ಮೆಚ್ಚಿಯೂ ಕೇಳಿದ್ದು ಶರಾವತಿಯ ಪರವಾಗಿ ಕೇಳಬೇಕಿದ್ದ ಪ್ರಶ್ನೆಯನ್ನೇ: ನಂದಿನಿಯನ್ನು ಯಾರಾದರೂ ಕೇಳಿದರೇ? ಯಾರಿಗಾಗಿ ತ್ಯಾಗವೋ ಅವರ ಒಪ್ಪಿಗೆ ಕೇಳದೆ ಮಾಡುವ ತ್ಯಾಗ ಕನ್ನಡದ ಭಾವುಕ ಚಿತ್ರಗಳ ಹಳೆಯ ಚಾಳಿ. ಅದರ ಸೊಗಸೂ ಅಲ್ಲಿದೆ, ತಕರಾರೂ ಅಲ್ಲೇ ಇದೆ.

ರಾಜೀವ ಎಲ್ಲಿ ಹೋದ ಎಂಬ ಕುತೂಹಲ ಚಿತ್ರರಂಗವನ್ನೂ ಬಿಟ್ಟಿಲ್ಲ. 2017ರಲ್ಲಿ ರಾಜ್‌ಕುಮಾರ್ ಅವರ ಮಗ ಶಿವರಾಜ್‌ಕುಮಾರ್ 'ಬಂಗಾರ ಸನ್ ಆಫ್ ಬಂಗಾರದ ಮನುಷ್ಯ' ಎಂಬ ಹೆಸರಿನ ಚಿತ್ರದಲ್ಲಿ ರೈತರ ಸಂಕಟವನ್ನೇ ಎತ್ತಿಕೊಂಡರು. ಹೆಸರು ಮುಂದುವರಿಯಿತು, ಹೊಲವೂ ಮುಂದುವರಿಯಿತು. ಹಳೆಯ ರಾಜೀವನನ್ನು ಮನೆಗೆ ಕರೆತಂದು ಅದೇ ಜಾಗದಲ್ಲಿ ಕೂರಿಸಿ ಬಡಿಸುವ ಚಿತ್ರವನ್ನು ಮಾತ್ರ ಯಾರೂ ಮಾಡಿಲ್ಲ.

ಟಿ.ವಿ.ಯಲ್ಲಿ 'ಬಂಗಾರದ ಮನುಷ್ಯ' ಹಾಕಿದ ದಿನ, ಸಂಜೆಯ ಅಡುಗೆ ಮುಗಿಸಿ ಬಂದು ಕೂತ ಅಜ್ಜಿಯರು ಸುಗ್ಗಿಯ ಭಾಗವನ್ನು ಕಣ್ತುಂಬ ನೋಡುತ್ತಾರೆ. ಕೇಶವ ದೊಡ್ಡವನಾಗಿ ಬಂದ ಎಂದರೆ ಸೆರಗು ಸರಿಮಾಡಿಕೊಂಡು ಎದ್ದು, ಮುಂದಿನದು ನೀವು ನೋಡಿ ಎಂದು ಒಳಗೆ ಹೋಗಿಬಿಡುತ್ತಾರೆ. ಮನೆಯವರು ಊಟಕ್ಕೆ ಕೂತ ಹೊತ್ತಿನಲ್ಲೇ ಆ ದೃಶ್ಯ ಬಂತೆಂದರೆ, ಯಾರೋ ಒಬ್ಬರು ಕೈ ಚಾಚಿ ಚಾನೆಲ್ ಬದಲಿಸುತ್ತಾರೆ.